ಸತ್ಯಾಂಶ: ತಪಸ್ಸುಕಾಲದಲ್ಲಿ 40 ದಿನವೂ ಕಡ್ಡಾಯ ಉಪವಾಸವೇ?

ತಪಸ್ಸುಕಾಲ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ತಯಾರಿಯ ಕಾಲ. "ತಪಸ್ಸುಕಾಲದ 40 ದಿನವೂ ಉಪವಾಸ ಕಡ್ಡಾಯ, ಕಾಯಿಲೆಯವರಿಗೂ ವಿನಾಯಿತಿ ಇಲ್ಲ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇದು ತಪ್ಪು.

ಕಥೋಲಿಕ ಸಭೆಯ ನಿಯಮದಂತೆ ಕಡ್ಡಾಯ ಉಪವಾಸ ಎರಡೇ ದಿನ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಬಲವಂತವಿಲ್ಲ. ಉಪವಾಸ ಅಂದರೆ ಪೂರ್ತಿ ಖಾಲಿ ಹೊಟ್ಟೆಯೂ ಅಲ್ಲ. ಒಂದು ಹೊತ್ತು ಹೊಟ್ಟೆ ತುಂಬ ಊಟ, ಉಳಿದೆರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. ಆ ದಿನ ಮಾಂಸ ಬೇಡ, ಮೀನಿಗೆ ತಡೆಯಿಲ್ಲ. ಕರಾವಳಿಯವರಿಗೆ ಅಷ್ಟೇನೂ ಕಷ್ಟವಲ್ಲ, ಅಲ್ವಾ?

ಬರೀ ಊಟದ ಲೆಕ್ಕದಲ್ಲೇ ಮುಳುಗಿದರೆ ಪ್ರಾರ್ಥನೆ, ಪಾಪನಿವೇದನೆ, ದಾನ ಹಿಂದೆ ಬೀಳುತ್ತವೆ. ಈಸ್ಟರ್‌ಗೆ ತಯಾರಿ ಶುರುವಾಗಬೇಕಾದ್ದು ಇವುಗಳಿಂದಲೇ. ಮಾತು ಬಿಟ್ಟವರ ಜೊತೆ ರಾಜಿಯಾಗುವುದು, ಮಾಂಸಕ್ಕೆ ಖರ್ಚಾಗುತ್ತಿದ್ದ ಹಣವನ್ನು ಇಲ್ಲದವರಿಗೆ ಕೊಡುವುದು, ಇವೂ ತಪಸ್ಸೇ.