ವಿಶ್ವಸಂಸ್ಥೆಗೆ ಇಂಗ್ಲಿಷ್ ಒಂದೇ ಸಾಕಾ? ಒಂದು ಸ್ಪಷ್ಟನೆ
"ವಿಶ್ವಸಂಸ್ಥೆಯ ಭಾಷೆ ಇಂಗ್ಲಿಷ್ ಮಾತ್ರ, ರಾಜತಾಂತ್ರಿಕರಿಗೆ ಬೇರೆ ಭಾಷೆ ಸುಮ್ನೆ ಶೋಕಿ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಅಲ್ಲಿ ಅಧಿಕೃತ ಭಾಷೆಗಳು 6: ಅರೇಬಿಕ್, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಇಂಗ್ಲಿಷ್ ಬಳಕೆ ಜಾಸ್ತಿ ಎನ್ನುವುದೇನೋ ನಿಜ. ಆದರೆ ಸಚಿವಾಲಯದಲ್ಲಿ ಫ್ರೆಂಚ್ ಕೂಡ ಕೆಲಸದ ಭಾಷೆ.

ಅನುವಾದಕರು ಇದ್ದಾರಲ್ವಾ ಎನ್ನಬಹುದು. ಇದ್ದಾರೆ. ಆದರೂ ಅನುವಾದ ಎಡವಬಹುದು. ಇಟಲಿ ಮತ್ತು ಇಥಿಯೋಪಿಯ ನಡುವಿನ 1889ರ ವುಚಾಲೆ ಒಪ್ಪಂದ ನೋಡಿ. ಇಥಿಯೋಪಿಯ ಬೇರೆ ದೇಶಗಳ ಜೊತೆ ವ್ಯವಹರಿಸಲು ಇಟಲಿಯ ನೆರವು ಪಡೆಯಬಹುದು ಎಂದು ಇಥಿಯೋಪಿಯದ ಭಾಷೆಯಾದ ಅಮ್ಹಾರಿಕ್‌ನ ಪ್ರತಿ ಹೇಳುತ್ತಿತ್ತು. ಇಟಾಲಿಯನ್ ಪ್ರತಿಯ ಪ್ರಕಾರ ಅದು ಕಡ್ಡಾಯ! ಕೈತಪ್ಪೋ, ಬೇಕೆಂದೇ ಮಾಡಿದ್ದೋ, ಆ ವಾದ ಬೇರೆ. ಜಗಳ ಬೆಳೆದು ಯುದ್ಧವಾಯಿತು. 1896ರಲ್ಲಿ ಇಥಿಯೋಪಿಯದ ಅಡ್ವಾದಲ್ಲಿ ಇಟಲಿ ಸೋತಿತು.