ಒಡೆದ ಟೇಲ್‌ಲ್ಯಾಂಪ್ ಗುಡಿಸಿ ಎಸೀಬ್ಯಾಡ್ರಿ

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿ–ಕಾರಟಗಿ–ಸಿಂಧನೂರು ರಸ್ತೆಯಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸಲು ಜೀವ ಹೆದರುತ್ತದೆ. ಚೀಲ ಹೇರಿದ ಟ್ರೇಲರ್ ರಸ್ತೆ ಮೇಲೇ ನಿಂತಿರುತ್ತದೆ. ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಹಿಂದಿನಿಂದ ಗುದ್ದಿದ ಹುಡುಗ ಸತ್ತರೆ ಮರುದಿನ ಊರಿಗೆಲ್ಲ ಒಂದೇ ಮಾತು: "ಭಾಳ ಸ್ಪೀಡ್ ಇದ್ನಂತ." ಟ್ರ್ಯಾಕ್ಟರಿನವರು "ಲೈಟ್ ಹಚ್ಚಿದ್ವಿ" ಅನ್ನುತ್ತಾರೆ. ಇಲ್ಲವೆನ್ನಲು ಅವನಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಲೈಟ್ ಉರಿಯುತ್ತಿತ್ತೇ ಎಂಬುದಕ್ಕೆ ಉತ್ತರ ಒಡೆದ ಟೇಲ್‌ಲ್ಯಾಂಪಿನಲ್ಲೇ ರಸ್ತೆ ಮೇಲೆ ಬಿದ್ದಿರುತ್ತದೆ, ಯಾರೂ ಎತ್ತಿಕೊಳ್ಳುವುದಿಲ್ಲ. ಹಳೇ ಬಲ್ಬಿನೊಳಗಿನ ಟಂಗ್‌ಸ್ಟನ್ ಸುರುಳಿ ಉರಿಯುವಾಗ 2000 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರುತ್ತದೆ. ಆಗ ಜೋರು ಹೊಡೆತ ಬಿದ್ದರೆ ಅದು ಎಳೆದಂತಾಗಿ ಸೊಟ್ಟಗಾಗುತ್ತದೆ. ಗಾಜೂ ಒಡೆದರೆ ಕಾದ ತಂತಿಗೆ ಗಾಳಿ ತಾಗಿ ಸುಟ್ಟು, ಆಕ್ಸೈಡಿನ ಪುಡಿ ಕೂರುತ್ತದೆ. ಆರಿದ್ದ ಬಲ್ಬಿನ ತಂತಿ ಹಾಗೆ ಹಿಗ್ಗುವುದಿಲ್ಲ. ಮುರಿದರೂ ತುದಿ ಹೊಳೆಯುತ್ತಲೇ ಇರುತ್ತದೆ. ಮೈಕ್ರೋಸ್ಕೋಪಿನಡಿ ಈ ವ್ಯತ್ಯಾಸ ಕಾಣುತ್ತದೆ. ಎಲ್‌ಇಡಿಯಲ್ಲಿ ತಂತಿಯಿಲ್ಲ, ಅಲ್ಲಿ ಈ ಪರೀಕ್ಷೆ ನಡೆಯದು. ಬಲ್ಬೇ ಇಲ್ಲದೆ ಹೋಲ್ಡರ್ ತುಕ್ಕು ಹಿಡಿದಿದ್ದರೆ? ಅದೂ ಸಾಕ್ಷಿಯೇ.

ವೇಗಕ್ಕೂ ಲೆಕ್ಕವಿದೆ. ಒಣ ಡಾಂಬರಿನ ಘರ್ಷಣೆ ಗುಣಾಂಕ, ಅಂದರೆ ಟೈರಿಗೆ ರಸ್ತೆ ಕೊಡುವ ಹಿಡಿತದ ಅಳತೆ, 0.7 ಎಂದಿಟ್ಟುಕೊಳ್ಳಿ. ಚಕ್ರ ಲಾಕ್ ಆಗಿ 30 ಮೀಟರ್ ಉಜ್ಜಿ ನಿಂತ ಕಾರು ಗಂಟೆಗೆ ಸುಮಾರು 73 ಕಿ.ಮೀ. ವೇಗದಲ್ಲಿತ್ತು. ರಸ್ತೆಗೆ ಭತ್ತ ಒಣಹಾಕಿದ್ದರೆ ಆ ಗುಣಾಂಕವೇ ಇಳಿಯುತ್ತದೆ, ಲೆಕ್ಕವೂ ಬದಲಾಗುತ್ತದೆ. ಇದನ್ನೆಲ್ಲ ಅಳೆಯುವ ಮೊದಲೇ ಜೆಸಿಬಿ ಬಂದು ಎಲ್ಲ ಎಳೆದು ಹಾಕಿರುತ್ತದೆ. ಪಂಚನಾಮೆಯಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಉಳಿಯುತ್ತದೆ. ಕ್ಲೇಮ್ ಕೇಸಿನಲ್ಲಿ ಮೃತನದೂ ತಪ್ಪಿದೆ ಎಂದಾದರೆ ಅಷ್ಟು ಪಾಲು ಪರಿಹಾರ ಅವನ ಹೆಂಡತಿ ಮಕ್ಕಳಿಗೆ ಕಡಿತ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 176(3)ನೇ ಕಲಂ ವಿಧಿವಿಜ್ಞಾನ (ಫೋರೆನ್ಸಿಕ್) ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ, ಆದರೆ 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಮಾತ್ರ. ನಿರ್ಲಕ್ಷ್ಯದಿಂದಾದ ಸಾವಿಗೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಗರಿಷ್ಠ ಶಿಕ್ಷೆ 5 ವರ್ಷ. ನಮ್ಮ ರಸ್ತೆ ಸಾವುಗಳು ಅಲ್ಲೇ ಹೊರಗುಳಿದವು. ಸಾವಾದ ಪ್ರತಿ ಅಪಘಾತಕ್ಕೂ ತಜ್ಞರು ಬರಲಿ ಎಂದು ನಮ್ಮ ಶಾಸಕರನ್ನು ಕೇಳಬೇಕು.

ಅಲ್ಲಿವರೆಗೆ ನಾವಾದರೂ ಇಷ್ಟು ಮಾಡೋಣ. ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಕಳಿಸಿ. ಆಮೇಲೆ ಟೈರ್ ಗುರುತು, ಗಾಜಿನ ಚೂರು, ಟ್ರೇಲರಿನ ಹಿಂಭಾಗದ ಫೋಟೊ ತೆಗೆಯಿರಿ. "ಲೈಟ್ ಹತ್ತತೈತೇನ್ ನೋಡೋಣ" ಎಂದು ಯಾರನ್ನೂ ಸ್ವಿಚ್ ಒತ್ತಲು ಬಿಡಬೇಡಿ. ಒಡೆದ ಬಲ್ಬಿಗೆ ಕರೆಂಟ್ ಹರಿದರೆ ತಂತಿ ಆಗಲೇ ಸುಟ್ಟು, ಗುದ್ದುವಾಗಲೂ ಲೈಟ್ ಉರಿಯುತ್ತಿತ್ತು ಎಂಬ ಸುಳ್ಳು ಗುರುತು ಮೂಡುತ್ತದೆ.