ಸ್ವೀಕರಿಸಲಾಗಿದೆ, ಸ್ಥಿತಿ ಉತ್ತಮ

ವಿದ್ಯುತ್ ಪ್ಯಾನೆಲ್, ಅಂದರೆ ಕರೆಂಟ್ ಹಂಚುವ, ನಿಯಂತ್ರಿಸುವ ತಗಡಿನ ಬೀರು, ಬಂದಿದೆ. ಅದನ್ನು ಇಡಬೇಕಾದ ಕೋಣೆ ಇನ್ನೂ ಬಂದಿಲ್ಲ. ಒಂದು ಕೋಣೆಗೆ ಗೋಡೆ ಇದೆ, ತಾರಸಿ ಇಲ್ಲ. ಇನ್ನೊಂದಕ್ಕೆ ತಾರಸಿ ಇದೆ, ಬಾಗಿಲಿಲ್ಲ. ಬಾಗಿಲು, ಬೀಗ ಎರಡೂ ಇರುವ ಒಂದೇ ಕೋಣೆಯಲ್ಲಿ ಸಿಮೆಂಟ್ ಚೀಲಗಳಿವೆ. ಸಿಮೆಂಟ್‌ಗೆ ತೇವ ತಾಗಿದರೆ ಗಟ್ಟಿಯಾಗುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ಪ್ಯಾನೆಲ್ ಹಾಗಲ್ಲ. ಒಳಗೆ ಎಷ್ಟೇ ಕೆಟ್ಟರೂ ಹೊರಗಿನ ಬಣ್ಣ ಹಾಗೇ ಇರುತ್ತದೆ. ದೊಡ್ಡ ಕಾಮಗಾರಿಗಳಿಗೆ ಹೇಳಿ ಮಾಡಿಸಿದಂಥ ಗುಣ. ಹಾಗಾಗಿ ಸಿಮೆಂಟ್ ಒಳಗೆ, ಪ್ಯಾನೆಲ್ ಅಂಗಳದಲ್ಲಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಅದು ಉಲ್ಟಾ. ಕೂಸು ಬಂದಾಗಿದೆ, ತೊಟ್ಟಿಲಿಗೆ ಇನ್ನೂ ಟೆಂಡರ್ ಕರೆದಿಲ್ಲ.

ಇಷ್ಟು ಬೇಗ ಯಾಕೆ ತರಿಸಿದರು ಅಂತ ಕೇಳುವವರಿಗೆ ಕಾಮಗಾರಿಯ ಲೆಕ್ಕ ಗೊತ್ತಿಲ್ಲ. ಬಿಲ್ಲಿನ ದೊಡ್ಡ ಪಾಲು ಸಿಗುವುದು ಮಾಲು ಗೇಟಿನ ಒಳಗೆ ಬಂದಾಗ. ಜೋಡಿಸಿ, ಪರೀಕ್ಷೆ ಮಾಡಿ, ಚಾಲೂ ಮಾಡಿ ಕೊಟ್ಟ ಮೇಲೆ ಸಿಗುವುದು ಚಿಲ್ಲರೆ ಪಾಲು. ಅಂದ ಮೇಲೆ ಯಾವುದನ್ನು ಮೊದಲು ಮಾಡುತ್ತಾರೆ, ಹೇಳಿ? ತಯಾರಕರಿಗೆ ಈ ತಿಂಗಳ ಮಾರಾಟದ ಗುರಿ ಮುಟ್ಟಬೇಕು. ಗುತ್ತಿಗೆದಾರರಿಗೆ ಬಿಲ್ಲು ಪಾಸಾಗಬೇಕು. ಮಾಲೀಕ ಸಂಸ್ಥೆಗೆ ಬಜೆಟ್ ವರ್ಷ ಮುಗಿಯುವುದರೊಳಗೆ ಖರ್ಚು ತೋರಿಸಬೇಕು. ಎಲ್ಲರಿಗೂ ಅವಸರ. ಅವಸರ ಇಲ್ಲದಿರುವುದು ಕಟ್ಟಡಕ್ಕೆ ಮಾತ್ರ. ಪ್ರಗತಿ ಪರಿಶೀಲನಾ ಸಭೆಯ ಪರದೆಯ ಮೇಲೆ ‘ವಿದ್ಯುತ್ ಸಾಮಗ್ರಿ: ನೂರಕ್ಕೆ ನೂರು’ ಅಂತ ಹಸಿರು ಪಟ್ಟಿ ಮೂಡುತ್ತದೆ. ಸಾಹೇಬರು ತಲೆಯಾಡಿಸುತ್ತಾರೆ. ಅದೇ ಹೊತ್ತಿಗೆ ಸಾಮಗ್ರಿಯ ಮೇಲೂ ಹಸಿರು ಪಾಚಿ ಮೂಡುತ್ತಿರುತ್ತದೆ. ಒಟ್ಟಿನಲ್ಲಿ ಪರದೆ ಸುಳ್ಳು ಹೇಳಿಲ್ಲ.

ಮಾಲು ಸ್ವೀಕರಿಸುವ ವಿಧಾನವನ್ನಂತೂ ನೋಡಿಯೇ ತಿಳಿಯಬೇಕು. ಪುಸ್ತಕದ ಪ್ರಕಾರ ಅದು ದೊಡ್ಡ ಕೆಲಸ. ಲಾರಿಯ ಮೇಲಿರುವಾಗಲೇ ಸುತ್ತಲೂ ನೋಡಬೇಕು, ಫೋಟೋ ತೆಗೆಯಬೇಕು. ಪ್ಯಾಕಿಂಗ್ ಲಿಸ್ಟ್ ಹಿಡಿದು ಪೆಟ್ಟಿಗೆ ಎಣಿಸಬೇಕು. ಹಲಗೆ ಮುರಿದಿದ್ದರೆ, ತಗಡು ನೆಗ್ಗಿದ್ದರೆ ಚಲನ್ ಮೇಲೆ ಷರಾ ಬರೆದೇ ಸಹಿ ಹಾಕಬೇಕು. ಷರಾ ಇಲ್ಲದೆ ಹಾಕಿದ ಸಹಿ ಅಂದರೆ ‘ಎಲ್ಲ ಸರಿಯಿತ್ತು’ ಅಂತ ಬರೆದುಕೊಟ್ಟ ಹಾಗೆ. ಆಮೇಲೆ ಸಾಗಣೆಯವರ ಹತ್ತಿರವೂ, ವಿಮೆಯವರ ಹತ್ತಿರವೂ ಬಾಯಿ ತೆರೆಯುವುದು ಕಷ್ಟ.

ನಡೆಯುವುದು ಹೀಗೆ. ಲಾರಿ ಸಂಜೆ ಹೊತ್ತಿಗೆ ಬರುತ್ತದೆ, ಸ್ಟೋರ್‌ಕೀಪರ್ ಮನೆಗೆ ಹೊರಟಿರುವಾಗ.

“ಸಾರ್, ಸಹಿ ಹಾಕಿಬಿಡಿ, ನಾನಿನ್ನೂ ಎರಡು ಕಡೆ ಇಳಿಸಬೇಕು.”

“ಪೆಟ್ಟಿಗೆ ಬಿಚ್ಚಿ ನೋಡ್ಬೇಕಲ್ಲಪ್ಪಾ?”

“ಬಿಚ್ಚಿದರೆ ಪ್ಯಾಕಿಂಗ್ ಹಾಳಾಗುತ್ತೆ ಸಾರ್.”

ಇಂಥ ತರ್ಕಕ್ಕೆ ಎದುರು ಮಾತು ಎಲ್ಲಿದೆ? ಸೀಲು ಸಿದ್ಧವಾಗಿಯೇ ಇರುತ್ತದೆ: ‘ಸ್ವೀಕರಿಸಲಾಗಿದೆ, ಸ್ಥಿತಿ ಉತ್ತಮ.’ ರಬ್ಬರ್ ಸೀಲಿಗೆ ಕಣ್ಣಿಲ್ಲ, ಆದರೆ ಇಡೀ ಕಾಮಗಾರಿಯಲ್ಲಿ ಅದಕ್ಕಿಂತ ದೊಡ್ಡ ತಪಾಸಣಾಧಿಕಾರಿ ಇನ್ನೊಬ್ಬರಿಲ್ಲ.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಸ್ಟಿಕ್ಕರ್ ಇರುತ್ತದೆ, ನಡುವೆ ಸಣ್ಣ ಕೊಳವೆ. ದಾರಿಯಲ್ಲಿ ಜೋರಾಗಿ ಪೆಟ್ಟು ಬಿದ್ದರೆ ಅದು ಕೆಂಪಾಗುತ್ತದೆ. ಕೆಂಪಾಗಿದೆ ಅಂದ ಮಾತ್ರಕ್ಕೆ ಮಾಲು ವಾಪಸ್ ಕಳಿಸಬೇಕಿಲ್ಲ, ಚಲನ್ ಮೇಲೆ ಬರೆದು ಒಳಗೆ ಚೆನ್ನಾಗಿ ನೋಡಬೇಕು, ಅಷ್ಟೇ. ನಮ್ಮವರಿಗೆ ಅದು ಅಲಂಕಾರ. ‘ಕೆಂಪು ಬಂದಿದೆ’ ಅಂದರೆ ‘ಕಂಪನಿಯವರ ಬ್ರ್ಯಾಂಡ್ ಬಣ್ಣ ಇರ್ಬೇಕು’ ಅನ್ನುತ್ತಾರೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಜೊತೆ ಒಂದು ಯಂತ್ರವೇ ಬರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಎಷ್ಟು ಪೆಟ್ಟು ಬಿತ್ತು ಅಂತ ದಾರಿಯುದ್ದಕ್ಕೂ ಬರೆದುಕೊಂಡೇ ಬಂದಿರುತ್ತದೆ. ಇಡೀ ಪ್ರಯಾಣದಲ್ಲಿ ಎಚ್ಚರವಾಗಿದ್ದ ಒಂದೇ ಒಂದು ಸಾಕ್ಷಿ ಅದು. ಅದರ ಹೇಳಿಕೆ ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ.

ಪೆಟ್ಟಿಗೆಯ ಮೇಲೆ ಚಿತ್ರಗಳೂ ಇರುತ್ತವೆ. ಭಾಷೆ ಬರದವರಿಗೂ ತಿಳಿಯಲಿ ಅಂತ ಐಎಸ್ಒ 780 ಎಂಬ ಮಾನದಂಡವೇ ಇದೆ. ಲೋಟ ಅಂದರೆ ಒಡೆಯುವ ವಸ್ತು. ಮೇಲ್ಮುಖದ ಎರಡು ಬಾಣ ಅಂದರೆ ಈ ಬದಿ ಮೇಲಿರಬೇಕು. ಸರಪಳಿ ಅಂದರೆ ಇಲ್ಲಿ ಕಟ್ಟಿ ಎತ್ತಿ. ಕೊಡೆ ಅಂದರೆ ಮಳೆಗೆ ಒಡ್ಡಬೇಡಿ. ಕೊಡೆಯ ಚಿತ್ರವನ್ನು ನಮ್ಮಲ್ಲಿ ಬೇರೆ ಥರ ಅರ್ಥ ಮಾಡಿಕೊಂಡಿದ್ದಾರೆ: ಕೊಡೆ ಜೊತೆಗೇ ಬಂದಿದೆ, ಇನ್ನು ಮಳೆಯಲ್ಲಿ ಬಿಡಬಹುದು.

ಇಳಿಸುವ ಶಾಸ್ತ್ರ ಇನ್ನೂ ಚೆನ್ನ. ಎತ್ತಲಿಕ್ಕೆ ಅಂತಲೇ ಬೆಸುಗೆ ಹಾಕಿದ ಕೊಕ್ಕೆಗಳಿರುತ್ತವೆ. ಭಾರದ ಕೇಂದ್ರ ಎಲ್ಲಿದೆ ಅಂತ ಗುರುತೂ ಇರುತ್ತದೆ. ಎತ್ತುವ ಹಗ್ಗಗಳಾದ ಎರಡು ಸ್ಲಿಂಗ್‌ಗಳ ನಡುವಿನ ಕೋನ ಅಗಲವಾದಷ್ಟೂ ಒಂದೊಂದರ ಮೇಲೆ ಎಳೆತ ಹೆಚ್ಚುತ್ತದೆ. ಲಂಬಕ್ಕೆ 60 ಡಿಗ್ರಿ ಓರೆಯಾದರೆ ಒಂದೊಂದು ಸ್ಲಿಂಗ್ ಇಡೀ ಭಾರದಷ್ಟೇ ಎಳೆತ ತಡೆದುಕೊಳ್ಳಬೇಕು. ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುವಾಗ ಕೋನ ಅಳೆಯುತ್ತಾ ಕೂರಲು ಆಗುತ್ತಾ? ಹಗ್ಗ ಎಲ್ಲಿ ಸಿಕ್ಕಿತೋ ಅಲ್ಲಿಗೆ. ಟ್ರಾನ್ಸ್‌ಫಾರ್ಮರಿನ ರೇಡಿಯೇಟರ್ ನೋಡಲು ಹಿಡಿಯ ಥರಾನೇ ಇದೆಯಲ್ಲಾ!

ಇನ್ನು ಟಾರ್ಪಾಲು. ಜಗತ್ತಿನ ಎಲ್ಲ ಸಮಸ್ಯೆಗಳಿಗೂ ಟಾರ್ಪಾಲು ಉತ್ತರ ಎಂಬ ನಂಬಿಕೆ ಕಾಮಗಾರಿಯ ಜಾಗಗಳಲ್ಲಿ ಆಳವಾಗಿದೆ. ನಿಜ, ಮೇಲಿನಿಂದ ಬೀಳುವ ನೀರನ್ನು ಅದು ತಡೆಯುತ್ತದೆ. ಒಳಗೇ ಹುಟ್ಟುವ ನೀರನ್ನು ಯಾರು ತಡೆಯುತ್ತಾರೆ? ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ. 80 ಇದ್ದರೆ, ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಆವಿ ನೀರಾಗತೊಡಗುವ ಉಷ್ಣಾಂಶ, ಸುಮಾರು 26 ಡಿಗ್ರಿ. ರಾತ್ರಿ ತಗಡು ಅದಕ್ಕಿಂತ ತಣ್ಣಗಾದರೆ ಸಾಕು, ಒಳಗೆಲ್ಲ ಬೆವರು. ಮಳೆಯೇ ಬೇಡ. ಟಾರ್ಪಾಲನ್ನು ನೆಲದವರೆಗೆ ಎಳೆದು, ಸುತ್ತ ಕಲ್ಲು ಹೇರಿ, ಗಾಳಿಯಾಡದಂತೆ ಬಿಗಿದಿದ್ದರಂತೂ ಹಗಲು ಬಿಸಿ ಆವಿ, ರಾತ್ರಿ ತಣ್ಣೀರು. ಕರೆಂಟ್ ಸಾಗಿಸುವ ಲೋಹದ ಪಟ್ಟಿಗಳಾದ ಬಸ್‌ಬಾರಿನ ಕೀಲುಗಳ ಮೇಲೆ, ರಿಲೇಗಳ ಮೇಲೆ, ಟರ್ಮಿನಲ್‌ಗಳ ಮೇಲೆ ಪ್ರತಿದಿನ ಸಣ್ಣ ಅಭಿಷೇಕ.

ಈ ಕಾಯಿಲೆಗೆ ಮದ್ದು ಪ್ಯಾನೆಲ್ ಹೊಟ್ಟೆಯಲ್ಲೇ ಇದೆ ಅನ್ನುವುದು ನಗು ತರಿಸುವ ಸಂಗತಿ. ಸ್ಪೇಸ್ ಹೀಟರ್ ಅಂತ ಅದರ ಹೆಸರು. ಒಳಗಿನ ಗಾಳಿಯನ್ನು ಹೊರಗಿಗಿಂತ ತುಸು ಬೆಚ್ಚಗಿಟ್ಟು ನೀರು ಕಟ್ಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಸುತ್ತಲಿನ ಪ್ಲಾಸ್ಟಿಕ್ ತೆಗೆದು, ತಾತ್ಕಾಲಿಕವಾಗಿ ಒಂದು ವೈರ್ ಎಳೆದುಕೊಟ್ಟರೆ ಮುಗಿಯಿತು. ಆದರೆ ವೈರ್ ಯಾರು ಎಳೆಯಬೇಕು? ಸರಬರಾಜಿನ ಗುತ್ತಿಗೆಯಲ್ಲಿ ಅದು ಇಲ್ಲ. ಜೋಡಣೆಯ ಗುತ್ತಿಗೆ ಇನ್ನೂ ಆರಂಭವಾಗಿಲ್ಲ. ಕಟ್ಟಡದವರು ‘ಕರೆಂಟ್ ವಿಷಯ ನಮಗೆ ಸಂಬಂಧ ಇಲ್ಲ’ ಅಂತಾರೆ. ಮೂರು ಇಲಾಖೆಗೆ ಪತ್ರ ಹೋಗುತ್ತದೆ, ಮೂರು ಕಡೆಯಿಂದಲೂ ‘ಸದರಿ ವಿಷಯವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಉತ್ತರ ಬರುತ್ತದೆ. ಅದೇ ಅಂಗಳದಲ್ಲಿ ಕಾವಲುಗಾರನ ಮೊಬೈಲ್ ಚಾರ್ಜ್ ಮಾಡಲು ವೈರ್ ಬಂದಿದೆ. ಅದಕ್ಕೆ ಯಾರ ಅನುಮೋದನೆಯೂ ಬೇಕಾಗಲಿಲ್ಲ.

ಯಾರಾದರೂ ಹುಡುಗ ಎಂಜಿನಿಯರ್ ಧೈರ್ಯ ಮಾಡಿ ತೇವದ ಮಾತೆತ್ತಿದರೆ ನಾಮಫಲಕ ತೋರಿಸುತ್ತಾರೆ. “ಐಪಿ 54 ಅಂತ ಬರೆದಿದೆ ನೋಡಪ್ಪಾ, ನೀರು ಚಿಮುಕಿಸಿದರೂ ಏನಾಗಲ್ಲ.” ಹೌದು, ಐಪಿ ಅಂದರೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ. 5 ಅಂದರೆ ಧೂಳಿಂದ ರಕ್ಷಣೆ, 4 ಅಂದರೆ ಯಾವ ಕಡೆಯಿಂದ ನೀರು ಎರಚಿದರೂ ರಕ್ಷಣೆ. ಆದರೆ ಆ ಅಂಕಿ ಪೂರ್ತಿ ಜೋಡಿಸಿ, ಬಾಗಿಲು ಮುಚ್ಚಿ, ಎಲ್ಲ ತೂತು ಬಂದ್ ಮಾಡಿದ ಪ್ಯಾನೆಲ್‌ಗೆ ಸಿಕ್ಕಿದ್ದು. ಸಾಗಣೆಗೆಂದು ಮೂರು ತುಂಡಾಗಿ ಬಂದಿರುವ ಪ್ಯಾನೆಲ್‌ಗೆ ಪಕ್ಕದ ಗೋಡೆಯೇ ಇಲ್ಲ, ಬರೀ ಪ್ಲಾಸ್ಟಿಕ್ ಹಾಳೆ. ಕೆಳಗೆ ಕೇಬಲ್ ಒಳಬರುವ ಜಾಗ ಮುಚ್ಚುವ ಗ್ಲ್ಯಾಂಡ್ ಪ್ಲೇಟ್ ಬಿಚ್ಚಿಟ್ಟಿದ್ದಾರೆ. ಇಲಿಗಳಿಗೆ ಐಪಿ ಅಂಕಿ ಓದಲು ಬರುವುದಿಲ್ಲ, ಅವು ಸುಮ್ನೆ ಒಳಗೆ ಹೋಗಿ ಸಂಸಾರ ಹೂಡುತ್ತವೆ. ಕಂಟ್ರೋಲ್ ವೈರಿನ ಹೊದಿಕೆ ಕಡಿಯುತ್ತವೆ. ಸಮಯಕ್ಕೆ ಸರಿಯಾಗಿ ಗೃಹಪ್ರವೇಶ ಆಗಿದ್ದು ಅವುಗಳದ್ದು ಮಾತ್ರ.

ಒಳಗೆ ಸಿಲಿಕಾ ಜೆಲ್ ಚೀಲಗಳೂ ಇರುತ್ತವೆ. ನೀಲಿ ಹರಳು ಗುಲಾಬಿಯಾದರೆ ಇನ್ನು ತೇವ ಹೀರಲು ತಾಕತ್ತಿಲ್ಲ ಅಂತ ಅರ್ಥ. ಅವು ಬಂದ ಕೆಲವೇ ವಾರಕ್ಕೆ ಗುಲಾಬಿಯಾಗಿ, ರಾಜೀನಾಮೆ ಕೊಟ್ಟು, ಸ್ವೀಕರಿಸುವವರಿಲ್ಲದೆ ಅಲ್ಲೇ ಕೂತಿವೆ.

ಟ್ರಾನ್ಸ್‌ಫಾರ್ಮರಿನ ಕಥೆ ಕೇಳಿ. ದೊಡ್ಡದನ್ನು ಎಣ್ಣೆ ತುಂಬದೆ, ಒಣ ಗಾಳಿ ಅಥವಾ ಸಾರಜನಕ ತುಂಬಿ ಕಳಿಸುತ್ತಾರೆ. ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಹೊರಗಿನ ತೇವ ಒಳಗೆ ಬರುವುದಿಲ್ಲ. ಅದಕ್ಕೊಂದು ಗೇಜ್ ಇದೆ, ದಿನಾ ನೋಡಿ ಬರೆಯಬೇಕು, ಇಳಿದರೆ ತುಂಬಿಸಬೇಕು. ಮುಳ್ಳು ಸೊನ್ನೆಗೆ ಬಂದಿದ್ದರೆ ಒಳಗಿನ ಕಾಗದದ ನಿರೋಧಕ ನೀರು ಕುಡಿಯಲು ಶುರು ಮಾಡಿದೆ ಅಂತಲೇ ಅನುಮಾನಿಸಬೇಕು. ಆಮೇಲೆ ಅದನ್ನು ಒಣಗಿಸುವುದು ದಿನಗಟ್ಟಲೆ ಕೆಲಸ. ನಮ್ಮ ಸೈಟಿನಲ್ಲಿ ಮುಳ್ಳು ಸೊನ್ನೆಗೆ ಬಂದಾಗ ಎಲ್ಲರಿಗೂ ನಿರಾಳ: “ಒತ್ತಡ ಏನೂ ಇಲ್ಲ ಸಾರ್, ಸೇಫ್.”

ಉಳಿದವುಗಳ ಗತಿ ಬೇಗ ಹೇಳಿ ಮುಗಿಸಬಹುದು. ಮೋಟರಿನ ಶಾಫ್ಟನ್ನು ತಿಂಗಳಿಗೊಮ್ಮೆ ಕೈಯಿಂದ ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಪಕ್ಕದ ಯಂತ್ರಗಳ ನಡುಕಕ್ಕೆ ಬೇರಿಂಗಿನಲ್ಲಿ ಗುಂಡುಗಳು ನಿಂತಲ್ಲೇ ಗುಳಿ ತೋಡುತ್ತವೆ. ಒಂದು ಸುತ್ತೂ ಓಡದೆ ಸವೆದುಹೋಗುವುದು ಅಂದರೆ ಇದು. ವೇಗ ನಿಯಂತ್ರಿಸುವ ಡ್ರೈವ್‌ಗಳು ವರ್ಷಕ್ಕಿಂತ ಜಾಸ್ತಿ ಕಾಲ ವಿದ್ಯುತ್ ಕಾಣದಿದ್ದರೆ ಅವುಗಳ ಕೆಪಾಸಿಟರಿಗೆ ವೋಲ್ಟೇಜನ್ನು ನಿಧಾನವಾಗಿ ಏರಿಸಿ ಅಭ್ಯಾಸ ಮಾಡಿಸಬೇಕು. ಒಮ್ಮೆಲೇ ಪೂರ್ತಿ ಕೊಟ್ಟರೆ ಪಟಾಕಿ. ಸೀಸದ ಬ್ಯಾಟರಿಗಳಿಗೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ, ಸೆಕೆ ಜಾಸ್ತಿಯಿದ್ದರೆ ಇನ್ನೂ ಬೇಗ, ಚಾರ್ಜ್ ಬೇಕು. ಕೇಬಲ್ ತುದಿಗೆ ಟೋಪಿ ಹಾಕದೆ ಬಿಟ್ಟರೆ ನೀರು ಎಳೆಗಳ ನಡುವೆ ಬಹುದೂರ ಪ್ರವಾಸ ಹೋಗುತ್ತದೆ. ಕೇಬಲ್ ಡ್ರಮ್ಮನ್ನು ಮಲಗಿಸಬಾರದು, ಚಕ್ರದ ಮೇಲೆ ನಿಲ್ಲಿಸಿ ಉರುಳದಂತೆ ಅಡ್ಡ ತಡೆ ಕೊಡಬೇಕು. ಮಲಗಿಸಿದ ಡ್ರಮ್ಮಿನ ಸುತ್ತ ಕುರ್ಚಿ ಹಾಕಿದರೆ ಒಳ್ಳೆಯ ಸಭೆ ಮೇಜಾಗುತ್ತದೆ, ಅದು ಬೇರೆ ಮಾತು.

ಇಷ್ಟರಲ್ಲಿ ಒಂದು ಗಡಿಯಾರ ಮಾತ್ರ ತಪ್ಪದೆ ಓಡುತ್ತಿರುತ್ತದೆ. ವಾರಂಟಿಯ ಸಾಮಾನ್ಯ ಷರತ್ತು ಹೀಗಿರುತ್ತದೆ: ಚಾಲೂ ಆದ ದಿನದಿಂದ 12 ತಿಂಗಳು ಅಥವಾ ರವಾನೆಯಾದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು. ಸಹಿ ಹಾಕುವಾಗ ‘ಯಾವುದು ಮೊದಲೋ ಅದು’ ಎಂಬ ಮಾತು ಯಾರ ಕಣ್ಣಿಗೂ ಬೀಳುವುದಿಲ್ಲ. 18 ತಿಂಗಳು ಕಳೆಯುವ ಹೊತ್ತಿಗೆ ತಾರಸಿ ಬಿದ್ದಿರುತ್ತದೆ, ಅಂದರೆ ಕಾಂಕ್ರೀಟ್ ಬಿದ್ದಿರುತ್ತದೆ. ಕೆಲಸಕ್ಕೆ ಸೇರುವ ಮೊದಲೇ ನಿವೃತ್ತಿಯಾದ ಮೊದಲ ನೌಕರ ಈ ಪ್ಯಾನೆಲ್. ಪಿಂಚಣಿ ಇಲ್ಲ.

ಕಡೆಗೂ ಉದ್ಘಾಟನೆಯ ದಿನ ಗೊತ್ತಾಗುತ್ತದೆ. ನಿರೋಧಕ ಎಷ್ಟು ಗಟ್ಟಿ ಅಂತ ಅಳೆಯುವ ಮೆಗ್ಗರ್ ಹೊರಬರುತ್ತದೆ. 6.6 ಕೆವಿ (ಕಿಲೋವೋಲ್ಟ್) ಮೋಟರಿನ ನಿರೋಧ 9 ಮೆಗಾಓಮ್ ತೋರಿಸುತ್ತದೆ. ಇದಕ್ಕೆಂದೇ ಇರುವ ಐಇಇಇ 43 ಮಾನದಂಡದ ಪ್ರಕಾರ ಈಗಿನ ಕಾಲದ ಇಂಥ ಮೋಟರಿಗೆ 40 ಡಿಗ್ರಿಯಲ್ಲಿ ಕನಿಷ್ಠ 100 ಇರಬೇಕು. ಆಗ ಯಾರೋ ಹಿರಿಯರು ಹಳೇ ಸೂತ್ರ ನೆನಪಿಸುತ್ತಾರೆ: ಕೆವಿಗೆ ಒಂದು ಕೂಡಿಸಿ, ಅಷ್ಟು ಮೆಗಾಓಮ್ ಇದ್ದರೆ ಸಾಕು. 6.6ಕ್ಕೆ ಒಂದು ಸೇರಿಸಿದರೆ 7.6. ಒಂಬತ್ತು ಅದಕ್ಕಿಂತ ಜಾಸ್ತಿ. ಪಾಸ್! ಆ ಸೂತ್ರ 1970ಕ್ಕಿಂತ ಹಿಂದಿನ ತಂತಿ ಸುರುಳಿಗಳಿಗೆ, ಅಂದರೆ ವೈಂಡಿಂಗ್‌ಗಳಿಗೆ ಉಳಿದಿರುವುದು ಅಂತ ಹೇಳಿ ಶುಭ ಕಾರ್ಯ ಕೆಡಿಸುವವರು ಯಾರು? ಪ್ಯಾನೆಲ್ ಒಳಗಿನ ನೀರು ಆರಿಸಲು ಹೀಟರ್ ಪಕ್ಕದಲ್ಲೇ ಒಂದು ಬಲ್ಬು ತೂಗುಹಾಕುತ್ತಾರೆ. ಹೀಟರ್ ಅದನ್ನು ನೋಡುತ್ತಾ ಕೂರುತ್ತದೆ.

ಗುಂಡಿ ಒತ್ತಿದ ಮೇಲೆ ಏನಾಯಿತು ಅಂತ ಹೇಳಬೇಕಿಲ್ಲ. ಹೊಗೆ ಆರಿದ ಮೇಲೆ ತಯಾರಕರಿಗೆ ಖಾರವಾದ ಪತ್ರ ಹೋಗುತ್ತದೆ. ಅವರ ಉತ್ತರ ತುಂಬಾ ವಿನಯದ್ದು. ವಾರಂಟಿ ಮುಗಿದಿದೆ, ಆದರೂ ಬಾಂಧವ್ಯದ ದೃಷ್ಟಿಯಿಂದ ಪರಿಶೀಲಿಸುತ್ತೇವೆ, ದಯವಿಟ್ಟು ದಾಸ್ತಾನಿನ ಅವಧಿಯ ನಿರ್ವಹಣಾ ರಿಜಿಸ್ಟರ್ ಕಳಿಸಿಕೊಡಿ.

ರಿಜಿಸ್ಟರ್ ಒಂದೇ ರಾತ್ರಿಯಲ್ಲಿ ಸಿದ್ಧವಾಯಿತು. ಒಂದೇ ಪೆನ್ನು, ಒಂದೇ ಕೈಬರಹ, ತಿಂಗಳ ಕೊನೆಗೆ ತಪ್ಪದೆ ನಮೂದು, ಪ್ರತಿ ಪುಟಕ್ಕೂ ಮೇಲಧಿಕಾರಿಯ ಸಹಿ. ಹೀಟರ್ ಚಾಲೂ ಇದೆ. ಸಿಲಿಕಾ ಜೆಲ್ ನೀಲಿ ಇದೆ. ಶಾಫ್ಟ್ ಕೈಯಿಂದ ತಿರುಗಿಸಲಾಗಿದೆ, ಜನವರಿ 30. ಶಾಫ್ಟ್ ಕೈಯಿಂದ ತಿರುಗಿಸಲಾಗಿದೆ, ಫೆಬ್ರವರಿ 30.